ಮೂಗಿಗೆ ನೀರು ಹೋಯಿತಾ, ಟೀಚರ್?

ನನಗೆ ಈಜು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದ್ದನ್ನು ಓದಿ ನೀವು ಬೇರೆಯೇ ಅಂದುಕೊಳ್ಳುತ್ತೀರಿ. ಬದಿಯಡ್ಕದ ಹತ್ತಿರ ನಮ್ಮ ತವರಿನ ತೋಟದ ಕೆರೆಯಲ್ಲಿ, ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಕಲಿತ ಈಜು ಅದು. ಆದರೆ ನಾನು ಈಜುವುದು ತಲೆ ಎತ್ತಿಕೊಂಡೇ, ನಾಯಿ ಈಜುವ ಹಾಗೆ. ಕುತ್ತಿಗೆಯವರೆಗೆ ಎಷ್ಟು ನೀರಾದರೂ ಸರಿ, ಮುಖಕ್ಕೆ ಮಾತ್ರ ತಾಗಬಾರದು. ತಲೆಗೆ ಮೀಯುವ ದಿನವೂ ಅಷ್ಟೆ, ಚೊಂಬು ಎತ್ತುವ ಮೊದಲು ಉಸಿರು ಬಿಗಿಹಿಡಿದು ಮೂಗನ್ನು ಒಂದು ಕೈಯಲ್ಲಿ ಮುಚ್ಚಿಕೊಳ್ಳುತ್ತೇನೆ. ಏಳು ವರ್ಷವಿದ್ದಾಗ ಭಾವ ಒಬ್ಬ ಕೆರೆಯ ದಂಡೆಯಿಂದ ತಮಾಷೆಗೆ ನೂಕಿದ್ದ. ಆಗ ಮೂಗಿನೊಳಗೆ ಹೋದ ನೀರಿನ ಉರಿ ಈಗಲೂ ನೆನಪಿದೆ. ಈಗ ನನಗೆ ವಯಸ್ಸು 44, ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್.

ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವ ಮಗಳು ಗೆಳತಿಯರ ಜೊತೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರೊಳಗೆ ಇಳಿಯುವುದು, ಮಾಡಿ ಬಂದಳು. ಬಂದವಳು ಒಂದು ವಾರ ಬೇರೆ ಮಾತೇ ಆಡಲಿಲ್ಲ. "ಅಮ್ಮಾ, ನೀನು ಒಮ್ಮೆ ಬಾ. ಉಸಿರಾಡುವುದು ಬಾಯಲ್ಲಿ. ಮೂಗಿಗೆ ಕೆಲಸವೇ ಇಲ್ಲ" ಅಂದಳು. ಆ ಕೊನೆಯ ಮಾತಿಗೆ ನಾನು ಸೋತೆ. ಮೂಗಿಗೆ ಕೆಲಸವಿಲ್ಲ ಅನ್ನುವುದು ಎಷ್ಟು ದೊಡ್ಡ ಸುಳ್ಳು ಅಂತ ಆಮೇಲೆ ಗೊತ್ತಾಯಿತು.

ನೀರೊಳಗೆ ನೋಡಲು ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಬಾಡಿಗೆಗೆ ಅಲ್ಲೇ ಕೊಡುತ್ತಾರೆ. ಆದರೆ ನನ್ನದೇ ಒಂದು ಇದ್ದರೆ ಮನೆಯಲ್ಲಿ ಅಭ್ಯಾಸ ಮಾಡಬಹುದಲ್ವಾ ಅಂತ ಮಂಗಳೂರಿನ ಒಂದು ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಇಡೀ ಮುಖ ಮುಚ್ಚುವ ಮಾಸ್ಕ್ ತೋರಿಸಿದ. ತಲೆಯ ಮೇಲೆ ಕೊಳವೆ, ಒಳಗೆ ಮೂಗಲ್ಲೂ ಉಸಿರಾಡಬಹುದು. "ಸ್ಕೂಬಾಕ್ಕೂ ಆಗ್ತದೆ ಮೇಡಂ" ಅಂದ. ನನಗೆ ಬೇಕಾದ್ದೇ ಅದು. ಎರಡೂವರೆ ಸಾವಿರ ಕೊಟ್ಟು ತಂದೆ. ಮಗಳು ನೋಡಿ ಹಣೆ ಚಚ್ಚಿಕೊಂಡಳು. "ಅಮ್ಮಾ, ಇದು ನೀರ ಮೇಲೆ ತೇಲಿಕೊಂಡು ಕೆಳಗೆ ನೋಡುವವರಿಗೆ. ಇದನ್ನು ಹಾಕಿಕೊಂಡು ಇಳಿಯಲಿಕ್ಕಿಲ್ಲ." ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಈ ಮಳೆಗಾಲದಲ್ಲಿ ಮನೆಯವರು ದೋಟಿ ಹಿಡಿದು ಅಡಿಕೆಗೆ ಬೋರ್ಡೋ ಮದ್ದು ಬಿಡುವಾಗ ಅದನ್ನು ಹಾಕಿ ನೋಡಿದರು. ಮಂಜು ಹಿಡಿದು ಮರವೇ ಕಾಣಲಿಲ್ಲವಂತೆ. ಈಗ ಅದು ಅಟ್ಟದಲ್ಲಿದೆ.

ಯಾಕೆ ಇಳಿಯಲಿಕ್ಕಿಲ್ಲ ಅನ್ನುವುದು ಅರ್ಥವಾದ ಮೇಲೆ ಮಾಸ್ಕ್ ಆರಿಸುವುದು ಸುಲಭವಾಯಿತು. ನೀರಿನಲ್ಲಿ 10 ಮೀಟರ್ ಕೆಳಗೆ ಹೋದರೆ ಒತ್ತಡ ಮೇಲಿನ ಎರಡರಷ್ಟು. ಮಾಸ್ಕಿನೊಳಗೆ ಸಿಕ್ಕಿಕೊಂಡ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಆಗ ಮಾಸ್ಕ್ ಮುಖವನ್ನು ಹೀರಿ ಹಿಡಿಯುತ್ತದೆ, ಕಣ್ಣಿನ ಸಣ್ಣ ರಕ್ತನಾಳ ಒಡೆದು ಕಣ್ಣು ಕೆಂಡವಾಗುವುದೂ ಉಂಟು. ಅದಕ್ಕೆ ಇಳಿಯುತ್ತಾ ಮೂಗಿನಿಂದ ಆಗಾಗ ಸ್ವಲ್ಪ ಗಾಳಿ ಮಾಸ್ಕಿನೊಳಗೆ ಬಿಡಬೇಕು. ಕಿವಿಯೂ ಕಟ್ಟುತ್ತದೆ. ಅದಕ್ಕೆ ಮೂಗು ಹಿಂಡಿ ಮೆಲ್ಲಗೆ ಊದಬೇಕು. ಅಂದರೆ ಮೂಗು ಮಾಸ್ಕಿನ ಒಳಗೂ ಇರಬೇಕು, ಹೊರಗಿನಿಂದ ಬೆರಳಿಗೂ ಸಿಗಬೇಕು. ಈಜುಕೊಳದ ಕನ್ನಡಕದಲ್ಲಿ ಮೂಗು ಒಳಗಿಲ್ಲ. ಅಟ್ಟದ ಆ ಮಾಸ್ಕಿನಲ್ಲಿ ಮೂಗು ಬೆರಳಿಗೆ ಸಿಗುವುದಿಲ್ಲ. ಎರಡೂ ಸ್ಕೂಬಾಕ್ಕೆ ಬರುವುದಿಲ್ಲ.

ಮಗಳ ಗೆಳತಿಯ ಅಣ್ಣ ಡೈವ್ ಮಾಡುವವನು. ಅವನ ಹತ್ತಿರ ಹಳತು ಹೊಸತು ಸೇರಿ ಐದು ಮಾಸ್ಕ್ ಇದ್ದವು. ಒಂದು ಭಾನುವಾರ ಅವನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಒಂದೊಂದಾಗಿ ಮುಖಕ್ಕೆ ಹಿಡಿದೆ. ಪಟ್ಟಿ ಹಾಕಬಾರದು, ಅದೇ ಗುಟ್ಟು. ಪಟ್ಟಿ ಬಿಗಿದರೆ ಯಾವ ಮಾಸ್ಕೂ ಕೂತ ಹಾಗೆ ಕಾಣುತ್ತದೆ. ಪಟ್ಟಿಯನ್ನು ಮುಂದಕ್ಕೆ ಮಡಚಿ, ತಲೆ ಮೇಲಕ್ಕೆತ್ತಿ, ಮಾಸ್ಕನ್ನು ಸುಮ್ನೆ ಮುಖದ ಮೇಲೆ ಇಟ್ಟುಕೊಳ್ಳಬೇಕು. ಸಿಲಿಕೋನ್ ಅಂಚು ಹಣೆ, ಕೆನ್ನೆ, ಮೂಗಿನ ಕೆಳಗೆ ಎಲ್ಲ ಕಡೆ ತಾಗುತ್ತದಾ ಅಂತ ಇನ್ನೊಬ್ಬರು ನೋಡಬೇಕು. ಆಮೇಲೆ ಮೂಗಿನಿಂದ ಒಂದು ಸಣ್ಣ ಉಸಿರು ಒಳಗೆ. ಸಣ್ಣದು ಅಂದರೆ ಮಲ್ಲಿಗೆ ಮೂಸಿದಷ್ಟೇ. ಜೋರಾಗಿ ಎಳೆದರೆ ಸರಿಹೊಂದದ ಮಾಸ್ಕೂ ಅಂಟಿಕೊಳ್ಳುತ್ತದೆ, ನೀರಿಗೆ ಹೋದ ಮೇಲೆ ಸೋರುತ್ತದೆ. ಸಣ್ಣ ಉಸಿರಿಗೇ ಅಂಟಿ, ತಲೆ ನೇರ ಮಾಡಿ ಕೈ ಬಿಟ್ಟರೂ ಬೀಳದಿದ್ದರೆ ಅದು ನಮ್ಮ ಮುಖದ್ದು.

ನನ್ನದು ಸಪೂರ ಮುಖ. ಮೊದಲ ಎರಡು ಮಾಸ್ಕ್ ಕೆನ್ನೆಯ ಹತ್ತಿರ ಬಾಯಿ ಬಿಟ್ಟವು. ಮೂರನೆಯದು ಕೂತಿತು, ಆದರೆ ಮೂಗಿನ ಸೇತುವೆಗೆ ಒತ್ತುತ್ತಿತ್ತು. ಅಲ್ಲಿ ಐದು ನಿಮಿಷದಲ್ಲಿ ನೋಯುವುದು ನೀರಿನಲ್ಲಿ ನಲವತ್ತು ನಿಮಿಷ ನೋಯುತ್ತದೆ ಅಂತ ಆ ಡೈವ್ ಮಾಡುವ ಹುಡುಗ ಹೇಳಿದ. ನಾಲ್ಕನೆಯದು ಸರಿಯಾಯಿತು. ಎರಡು ಗಾಜಿನದ್ದು, ಒಳಗೆ ಜಾಗ ಕಡಿಮೆ. ಜಾಗ ಕಡಿಮೆ ಇದ್ದಷ್ಟು ಒಳ್ಳೆಯದು, ನೀರು ತುಂಬಿದರೆ ಹೊರಹಾಕಲು ಉಸಿರೂ ಕಡಿಮೆ ಸಾಕು. ಗಾಜಿನ ಮೇಲೆ ಟೆಂಪರ್ಡ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಅದನ್ನು ನೋಡಿಯೇ ತೆಗೆದುಕೊಳ್ಳಬೇಕು. ಒಡೆದರೂ ಚೂಪು ಚೂರಾಗುವುದಿಲ್ಲ. ಅಂಚು ಕಪ್ಪು ಬೇಕಾ, ಬಿಳಿ ಪಾರದರ್ಶಕ ಬೇಕಾ ಅನ್ನುವುದಕ್ಕೆ ಜನ ಜಗಳವಾಡುತ್ತಾರೆ. ಕಪ್ಪಿನಲ್ಲಿ ಪಕ್ಕದ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ ಅಂತೆ. ನನಗೆ ಕಪ್ಪು ಹಾಕಿದ ಕೂಡಲೇ ಸುರಂಗದೊಳಗೆ ಹೊಕ್ಕ ಹಾಗಾಯಿತು. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆಯಲ್ಲ, ಅವುಗಳೊಳಗೂ ನಾನು ಹೋದವಳಲ್ಲ. ಬಿಳಿಯದನ್ನೇ ತರಿಸಿದೆ.

ಎರಡು ಗಾಜಿನದ್ದೇ ಯಾಕೆಂದರೆ, ನನಗೆ ಮೈನಸ್ ಮೂರು. ಕನ್ನಡಕ ಹಾಕಿಕೊಂಡು ಮಾಸ್ಕ್ ಹಾಕಲಾಗುವುದಿಲ್ಲ, ಕಡ್ಡಿ ಅಂಚನ್ನು ಎತ್ತಿಬಿಡುತ್ತದೆ. ಎರಡು ಗಾಜಿನ ಕೆಲವು ಮಾಸ್ಕ್‌ಗಳಿಗೆ ಪವರ್ ಗಾಜು ಬದಲಿಸಿ ಕೂರಿಸಬಹುದು. ನೀರೊಳಗೆ ವಸ್ತುಗಳು ಇರುವುದಕ್ಕಿಂತ ಕಾಲು ಭಾಗ ಹತ್ತಿರ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಮೀನು ಹಿಡಿಯುವವರ ಕಥೆಗಳೆಲ್ಲ ಯಾಕೆ ಅಷ್ಟು ದೊಡ್ಡದು ಅಂತ ನನಗೆ ಆಗ ಅನ್ನಿಸಿತು.

ಇನ್ನು ಮೂಗುಬೊಟ್ಟು. ಮೂಗು ಹಿಂಡಿದಾಗ ಅದರ ತಿರುಪು ಒಳಗೆ ಚುಚ್ಚುತ್ತದೆ. ತೆಗೆಯದೆ ಗತಿಯಿಲ್ಲ. ಅತ್ತೆ ಅಡಿಕೆ ಸುಲಿಯುತ್ತಾ ಕೂತವರು ತಲೆ ಎತ್ತಿ, "ಮದುವೆಯಾದ ಮೇಲೆ ಒಂದು ದಿನ ತೆಗೆದದ್ದಿಲ್ಲ ನೀನು. ಈಗ ಮೀನು ನೋಡಲಿಕ್ಕೆ ತೆಗೆಯುವುದಾ?" ಅಂದರು. ಬೈದದ್ದಾ, ಆಶ್ಚರ್ಯವಾ ತಿಳಿಯಲಿಲ್ಲ. ಸಂಜೆ ಅವರೇ ಹಿಡಿಸೂಡಿ ಕಡ್ಡಿಯ ಚೂರನ್ನು ನುಣ್ಣಗೆ ಮಾಡಿ ತಂದುಕೊಟ್ಟರು, "ತೂತು ಮುಚ್ಚಿಹೋಗದ ಹಾಗೆ ಮನೆಯಲ್ಲಿ ಇದನ್ನು ಹಾಕಿಕೋ."

ಅದೇ ಅತ್ತೆಗೆ ಮುಂದಿನ ಕೆಲಸ ಮಾತ್ರ ಸಹಿಸಲಾಗಲಿಲ್ಲ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ತಯಾರಿಯಾಗುವಾಗ ಅಂಟಿದ ಜಿಡ್ಡಿನ ಪದರ ಇರುತ್ತದೆ. ಅದು ಹೋಗುವವರೆಗೂ ಮಂಜು ಕಟ್ಟುವುದು ನಿಲ್ಲುವುದಿಲ್ಲ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಉಜ್ಜಿ ತೊಳೆಯಬೇಕು, ಮೂರು ನಾಲ್ಕು ಸಲ. ಅಲ್ಲಿಯವರೆಗೆ ಸರಿ. ಆಮೇಲೆ ಪ್ರತಿಸಲ ಹಾಕಿಕೊಳ್ಳುವ ಮೊದಲು ಒಳಗೆ ಉಗುಳಿ, ಸವರಿ, ನೀರಿನಲ್ಲಿ ಒಮ್ಮೆ ಅದ್ದಬೇಕು. "ಎಂಜಲನ್ನು ಮುಖಕ್ಕೆ ಹಾಕಿಕೊಳ್ಳುತ್ತೀಯಾ!" ಎಂದು ಅತ್ತೆ ಎದ್ದೇ ಹೋದರು. ಎರಡು ಹನಿ ಬೇಬಿ ಶಾಂಪೂ ಕೂಡ ಆಗುತ್ತದೆ. ಮನೆಯಲ್ಲಿದ್ದಾಗ ಶಾಂಪೂ, ಹೊರಗೆ ಎಂಜಲು ಅಂತ ಒಪ್ಪಂದವಾಯಿತು.

ಅಭ್ಯಾಸ ಎಲ್ಲಿ? ಕೆರೆ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಕೆರೆಯಲ್ಲಿ ಮೊಸಳೆಯೇನೂ ಇಲ್ಲ. ಅನಂತಪುರದ ದೇವರ ಕೆರೆಯ ಮೊಸಳೆ ಬಬಿಯಾ ಕೂಡ 2022ರಲ್ಲಿ ತೀರಿಹೋಯಿತು. ಆದರೆ ಮನೆಯವರು ಕಟ್ಟುನಿಟ್ಟಾಗಿ ಬೇಡ ಅಂದರು. ಕೇರಳದಲ್ಲಿ 2024ರಲ್ಲೂ 2025ರಲ್ಲೂ ಮಿದುಳಿಗೆ ಹತ್ತುವ ಅಮೀಬಾದ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬಂದಿತ್ತು. ಆ ಅಮೀಬಾ ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ ಇರುತ್ತದೆ. ಕುಡಿದರೆ ಏನೂ ಆಗುವುದಿಲ್ಲ. ಮೂಗಿನೊಳಗೆ ನೀರು ಹೋದರೆ ಮಾತ್ರ ಮಿದುಳಿಗೆ ಹತ್ತುತ್ತದೆ. ಬದುಕುವವರು ಕಡಿಮೆ. ನಾನು ಮಾಡಹೊರಟದ್ದೋ, ಬೇಕೆಂದೇ ಮೂಗಿಗೆ ನೀರು ತಾಗಿಸುವ ಕೆಲಸ. ಕೆರೆಯ ಆಸೆ ಅಲ್ಲಿಗೇ ಬಿಟ್ಟೆ. ಓದುವವರು ದಯವಿಟ್ಟು ಇದನ್ನು ಕೆರೆಯಲ್ಲಿ, ಮದಕದಲ್ಲಿ, ಪಳ್ಳದಲ್ಲಿ ಮಾಡಬೇಡಿ. ಚೆನ್ನಾಗಿ ಕ್ಲೋರಿನ್ ಹಾಕುವ ಈಜುಕೊಳದಲ್ಲಿ ಮಾಡಿ. ಸಮುದ್ರದ ಉಪ್ಪುನೀರಿನಲ್ಲಿ ಆ ಅಮೀಬಾ ಬದುಕುವುದಿಲ್ಲ.

ಹಾಗಾಗಿ ಶುರುವಾದದ್ದು ಬಚ್ಚಲಿನಲ್ಲಿ. ರಾತ್ರಿ ಹಂಡೆಯ ಅಡಿಗೆ ಒಣ ತೆಂಗಿನ ಮಡಲು ಜಾಸ್ತಿ ತುಂಬಿ ನೀರು ಕೊತಕೊತ ಕುದಿಸಿ, ಬೆಳಗ್ಗೆವರೆಗೆ ಆರಲು ಬಿಟ್ಟು, ಬಕೆಟ್ಟಿಗೆ ಹೊಯ್ದುಕೊಳ್ಳುತ್ತಿದ್ದೆ. ಮಾಸ್ಕ್ ಇಲ್ಲ. ಬಾಯಲ್ಲಿ ಸ್ನಾರ್ಕೆಲ್ ಮಾತ್ರ, ಮೇಲಿನ ತುದಿ ನೀರಿನ ಹೊರಗಿರುವ ಉಸಿರಾಟದ ಕೊಳವೆ. ಮೂಗು ತೆರೆದೇ, ಮುಖವನ್ನು ಬಕೆಟ್ಟಿನಲ್ಲಿ ಮುಳುಗಿಸಿ ಬಾಯಲ್ಲಿ ಉಸಿರಾಡಬೇಕು. ಮೂಗಿನಲ್ಲಿ ಎಳೆಯಬಾರದು. ಕೇಳಲು ಏನೂ ಅಲ್ಲ. ಮೊದಲ ದಿನ ಗಲ್ಲ ತಾಗಿಸಿದೆ, ತುಟಿ ತಾಗಿಸಿದೆ. ಮೂಗಿನ ತುದಿ ತಾಗಿದ ಕೂಡಲೇ ಎದೆ ಒಮ್ಮೆ ಬಿಗಿದುಕೊಂಡಿತು, ಬಾಯಿಯ ಉಸಿರೂ ನಿಂತಿತು. ತಣ್ಣೀರು ಮುಖಕ್ಕೆ ತಾಗಿದರೆ ಉಸಿರು ಹಿಡಿಯುವುದು, ಎದೆಬಡಿತ ನಿಧಾನವಾಗುವುದು ದೇಹದ ಹುಟ್ಟುಗುಣವಂತೆ. ಸೀಲ್‌ಗಳಿಗೆ ಅದು ಭಾರಿ ಉಪಯೋಗ. ಸ್ಕೂಬಾದಲ್ಲಿ ಮಾತ್ರ ಉಸಿರು ಹಿಡಿಯುವುದೇ ದೊಡ್ಡ ತಪ್ಪು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದಲ್ಲ, ಹೊರಗೆ ಬಿಡದಿದ್ದರೆ ಶ್ವಾಸಕೋಶಕ್ಕೇ ಪೆಟ್ಟು.

ನಾಲ್ಕು ದಿನ ಅದೇ ಕಥೆ. ಮುಖ ಮುಳುಗಿಸುತ್ತೇನೆ, ಮೂಗು ತಾನಾಗಿ ಎಳೆಯುತ್ತದೆ, ಉರಿ, ಕೆಮ್ಮು. ಮಗಳು ಫೋನಿನಲ್ಲಿ "ಮೂಗನ್ನು ಒಳಗಿನಿಂದ ಮುಚ್ಚು" ಅನ್ನುತ್ತಾಳೆ. ಒಳಗಿನಿಂದ ಹೇಗೆ ಮುಚ್ಚುವುದು? ಅಲ್ಲಿ ಬಾಗಿಲು ಇದೆಯಾ?

ಇದೆ. ಅದು ಸಿಕ್ಕಿದ್ದು ನನ್ನ ಕ್ಲಾಸಿನಲ್ಲೇ. ಮಕ್ಕಳಿಗೆ ಅನುನಾಸಿಕ ಹೇಳಿಕೊಡುವಾಗ ಪ್ರತಿವರ್ಷ ಮಾಡಿಸುವ ಆಟ ಒಂದಿದೆ. ಮೂಗು ಹಿಂಡಿಕೊಂಡು "ಅಮ್ಮ" ಅನ್ನಿ ಅಂತ ಹೇಳುವುದು. ಇಡೀ ಕ್ಲಾಸು "ಅಬ್ಬ" ಅನ್ನುತ್ತದೆ, ಎಲ್ಲರೂ ನಗುತ್ತಾರೆ. ಬ, ಮ ಎರಡಕ್ಕೂ ತುಟಿ ಸೇರುವುದು ಒಂದೇ ರೀತಿ. ವ್ಯತ್ಯಾಸ ಇರುವುದು ಹಿಂದೆ, ಗಂಟಲ ಮೇಲಿನ ಮೆತ್ತನೆಯ ಅಂಗುಳಿನಲ್ಲಿ. ಬ ಅನ್ನುವಾಗ ಅದು ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಮ ಅನ್ನುವಾಗ ಇಳಿದು ದಾರಿ ಬಿಡುತ್ತದೆ. ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಆ ದಿನ ಬೋರ್ಡಿನ ಮುಂದೆ ಚಾಕ್ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತೆ. ಹಿಂದಿನ ಬೆಂಚಿನವನು "ಟೀಚರ್, ಏನಾಯಿತು?" ಅಂತ ಕೇಳಿದ.

ಮರುದಿನ ಬೆಳಗ್ಗೆ ಬಕೆಟ್ಟಿನ ಮುಂದೆ ಕೂತು, ಬಾಯಲ್ಲಿ ಕೊಳವೆ ಇಟ್ಟುಕೊಂಡು, ಮನಸ್ಸಿನಲ್ಲಿ ಬ ಹೇಳಲು ತಯಾರಾದೆ. ಹೇಳಲಿಲ್ಲ, ತಯಾರಾದದ್ದಷ್ಟೇ. ಒಳಗೆ ಬಾಗಿಲು ಮುಚ್ಚಿದ್ದು ಗೊತ್ತಾಯಿತು. ಮುಖ ಇಳಿಸಿದೆ. ಮೂಗಿನ ಹೊಳ್ಳೆಯೊಳಗೆ ನೀರು ಸ್ವಲ್ಪ ಬಂತು, ಅಲ್ಲೇ ನಿಂತಿತು. ಕಚಗುಳಿ ಇಟ್ಟ ಹಾಗೆ. ಬಾಯಿ ಉಸಿರಾಡುತ್ತಿತ್ತು. ಬಕೆಟ್ಟಿನ ಅಡಿಯ ಗೀರುಗಳು ಮಸುಕಾಗಿ ಕಾಣುತ್ತಿದ್ದವು. ನಾಲ್ಕು ಉಸಿರು, ಐದು, ಹತ್ತು. ತಲೆ ಎತ್ತಿದಾಗ ಬಚ್ಚಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಾನು ಕರೆದದ್ದು ಕೇಳಲಿಲ್ಲವಾ? ಹೆದರಿಸಬೇಡ ಮಾರಾಯ್ತಿ" ಅಂದರು.

ಆಮೇಲಿನ ಆರು ಭಾನುವಾರ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿನ ಈಜುಕೊಳಕ್ಕೆ ಹೋದೆ. ಅಲ್ಲಿ ಮಗಳ ಗೆಳತಿಯ ಅಣ್ಣ, ಆ ಹುಡುಗನೇ ಹೇಳಿಕೊಟ್ಟ. ಮಾಸ್ಕಿಗೆ ಮೊದಲು ಕಾಲುಭಾಗ ನೀರು ಬಿಡುವುದು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಹೊರಹಾಕುವ ಕ್ರಮ ಇದು: ಗಾಜಿನ ಮೇಲಂಚನ್ನು ಬೆರಳಿಂದ ಹಣೆಗೆ ಒತ್ತಿಹಿಡಿಯಬೇಕು, ಮುಖ ಸ್ವಲ್ಪ ಮೇಲೆತ್ತಬೇಕು, ಮೂಗಿನಿಂದ ಉದ್ದಕ್ಕೆ ಉಸಿರು ಬಿಡಬೇಕು. ಗಾಳಿ ಮೇಲೆ ಸೇರಿಕೊಂಡು ನೀರನ್ನು ಕೆಳಗಿನ ಅಂಚಿನಿಂದ ದೂಡುತ್ತದೆ. ಹೆಚ್ಚಿನವರು ಒಮ್ಮೆಗೇ ಪೂಂ ಅಂತ ಊದುತ್ತಾರೆ, ಗಾಳಿ ಪಕ್ಕದಿಂದ ಹೋಗಿಬಿಡುತ್ತದೆ. ಇಲ್ಲವೇ ಗಡಿಬಿಡಿಯಲ್ಲಿ ಬಾಯಿಯಿಂದ ಊದುತ್ತಾರೆ. ನನಗೆ ಇದಕ್ಕೂ ಅಕ್ಷರವೇ ಸಹಾಯಕ್ಕೆ ಬಂತು. ನೀರು ಒಳಬರುವಾಗ ಬ. ಹೊರಹಾಕುವಾಗ ಮ. ಮ್‌ಮ್‌ಮ್ ಅಂತ ಗುನುಗಿದರೆ ಗಾಳಿಗೆ ಮೂಗು ಬಿಟ್ಟು ಬೇರೆ ದಾರಿಯೇ ಇಲ್ಲ. ಫೋನಿನಲ್ಲಿ ಅತ್ತಿಗೆಯ ದೂರು ಕೇಳುತ್ತಾ "ಹ್ಞೂಂ... ಹ್ಞೂಂ..." ಅನ್ನುತ್ತೇವಲ್ಲ, ಅದೇ ಉಸಿರು.

ಅಲ್ಲಿಯವರೆಗೆ ಮಾಸ್ಕ್ ಅಂದರೆ ನೀರು ಬಾರದ ಡಬ್ಬ ಅಂತ ನಂಬಿದ್ದೆ. ಸ್ವಲ್ಪ ಸೋರಿದರೂ ಡಬ್ಬ ಹಾಳು ಅಂತ ಗಾಬರಿ. ಅದಕ್ಕೇ ಪಟ್ಟಿ ಬಿಗಿದು ಬಿಗಿದು ಹಾಕುತ್ತಿದ್ದೆ, ಬಿಗಿದಷ್ಟೂ ಅಂಚು ಮಡಚಿ ಜಾಸ್ತಿ ಸೋರುತ್ತಿತ್ತು. ಎಲ್ಲರ ಮಾಸ್ಕೂ ಸೋರುತ್ತದೆ ಕಣ್ರೀ. ಒಂದು ಎಳೆ ಕೂದಲು ಅಂಚಿನ ಕೆಳಗೆ ಸಿಕ್ಕಿದರೆ ಸಾಕು. ನನ್ನ ಉದ್ದ ಜಡೆ, ಹಣೆಯ ಮೇಲಿನ ಸಣ್ಣ ಕೂದಲು, ಶನಿವಾರದ ಎಣ್ಣೆ, ಎಲ್ಲವೂ ಸೋರುವುದಕ್ಕೆ ಕಾರಣವೇ. ಮೀಸೆ ಇರುವ ಗಂಡಸರ ಕಷ್ಟ ಇನ್ನೊಂದು, ಮೂಗಿನ ಕೆಳಗೇ ತೂತು. ಹುಡುಗ ಅಲ್ಲೊಂದು ಸಪೂರ ಗೆರೆಯಷ್ಟು ಬೋಳಿಸಿಕೊಂಡಿದ್ದ. ನಾನು ಜಡೆಯನ್ನು ಕುತ್ತಿಗೆಯ ಹತ್ತಿರ ತಗ್ಗಿನಲ್ಲಿ ಸುತ್ತಿ, ಪಟ್ಟಿಯನ್ನು ಅದರ ಮೇಲೆ, ತಲೆಯ ಅಗಲವಾದ ಭಾಗಕ್ಕೆ ಬರುವ ಹಾಗೆ ಹಾಕಲು ಕಲಿತೆ. ರಬ್ಬರು ಪಟ್ಟಿಗೆ ಕೂದಲು ಸುತ್ತಿಕೊಳ್ಳುತ್ತಿತ್ತು, ಅದಕ್ಕೆ ಬಟ್ಟೆಯಂಥ ಒಂದು ಕವರು ಸಿಗುತ್ತದೆ.

ಕೊನೆಯ ಭಾನುವಾರ ಮಾಸ್ಕ್ ಪೂರ್ತಿ ತೆಗೆದು ನೀರೊಳಗೆ ಒಂದು ನಿಮಿಷ ಉಸಿರಾಡಿಸಿದ. ಸ್ಕೂಬಾ ಕೋರ್ಸಿಗೆ ಸೇರುವವರಿಗೆ ಇದು ಕಡ್ಡಾಯ. ಒಂದು ದಿನದ ಡೈವಿಗೆ ಬೇಕಾಗಿಲ್ಲ. ನಾನೇ ಕೇಳಿ ಮಾಡಿದೆ. ಕಣ್ಣು ಮುಚ್ಚಿ ವರ್ಣಮಾಲೆ ಹೇಳಿಕೊಂಡೆ, ಅವರ್ಗೀಯ ಮುಗಿಯುವಷ್ಟರಲ್ಲಿ ಅವನು ಭುಜ ತಟ್ಟಿದ.

ಜನವರಿಯಲ್ಲಿ ಮುರುಡೇಶ್ವರಕ್ಕೆ ಹೋದೆವು. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ, ದೋಣಿಯಲ್ಲಿ ಒಂದು ಗಂಟೆಗೂ ಜಾಸ್ತಿ. ದಾರಿಯಲ್ಲಿ ನಾನು ಎರಡು ಸಲ ವಾಂತಿ ಮಾಡಿದೆ, ಅದರ ಬಗ್ಗೆ ಬರೆಯುವುದಕ್ಕೆ ಏನಿಲ್ಲ. ಅಲ್ಲಿಯ ಇನ್‌ಸ್ಟ್ರಕ್ಟರ್ ನನ್ನ ಮಾಸ್ಕ್ ತೆಗೆದುಕೊಂಡು ತಿರುಗಿಸಿ ನೋಡಿ "ಸ್ವಂತದ್ದಾ ಮೇಡಂ?" ಅಂತ ಕೇಳಿದ. ಮಗಳು "ಟೀಚರ್ ಅನ್ನಿ, ಇಲ್ಲದಿದ್ದರೆ ತಿರುಗಿ ನೋಡುವುದಿಲ್ಲ" ಅಂದಳು. ಗಾಜಿಗೆ ಉಗುಳಿದೆ, ಸವರಿದೆ, ಅದ್ದಿದೆ. ಬೆನ್ನು ಮಾಡಿ ಹಿಮ್ಮುಖವಾಗಿ ನೀರಿಗೆ ಬಿದ್ದೆ.

ಹಗ್ಗ ಹಿಡಿದು ಒಂದೊಂದು ಮೊಳ ಇಳಿದಂತೆ ಕಿವಿ ಕಟ್ಟಿತು. ಮೂಗು ಹಿಂಡಿ ಊದಿದೆ, ಟಿಕ್ ಅಂತ ಬಿಟ್ಟಿತು. ಮಾಸ್ಕ್ ಮುಖಕ್ಕೆ ಒತ್ತಿತು, ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟೆ, ಸಡಿಲವಾಯಿತು. ಆರೇಳು ಮೀಟರ್ ಆಳದಲ್ಲಿ ಬಂಡೆಯ ಹತ್ತಿರ ಒಂದು ಗಿಳಿಮೀನು, ಹಸಿರು ನೀಲಿ ಬಣ್ಣದ್ದು, ಕಲ್ಲನ್ನು ಕಟಕಟ ಕೆರೆಯುತ್ತಿತ್ತು. ಶಬ್ದ ಕೂಡ ಕೇಳುತ್ತಿತ್ತು, ಅತ್ತೆ ಅಡಿಕೆ ಕೆರೆದ ಹಾಗೆ. ನನಗೆ ನಗು ಬಂತು. ನಕ್ಕರೆ ಕೆನ್ನೆಯ ಗೆರೆ ಏಳುತ್ತದೆ, ಅಂಚು ಬಿಡುತ್ತದೆ. ಉಪ್ಪುನೀರು ಸುರ್ ಅಂತ ಒಳಗೆ ಬಂದು ಕಣ್ಣಿನವರೆಗೆ ತುಂಬಿತು. ಇನ್‌ಸ್ಟ್ರಕ್ಟರ್ ನನ್ನ ತೋಳು ಗಟ್ಟಿಯಾಗಿ ಹಿಡಿದ.

ಬ. ಬಾಯಲ್ಲಿ ಒಂದು ಉಸಿರು, ಇನ್ನೊಂದು. ಬೆರಳು ಮೇಲಂಚಿಗೆ. ಮುಖ ಮೇಲಕ್ಕೆ. ಹ್ಞೂಂ...

ನೀರು ಇಳಿಯಿತು. ಮೀನು ಇನ್ನೂ ಅಲ್ಲೇ ಕೆರೆಯುತ್ತಿತ್ತು. ಖುಷಿಯಲ್ಲಿ ನಾನು ಇನ್‌ಸ್ಟ್ರಕ್ಟರ್ ಕಡೆ ತಿರುಗಿ, ಕ್ಲಾಸಿನಲ್ಲಿ ಜಾಣ ಮಕ್ಕಳಿಗೆ ತೋರಿಸುವ ಹಾಗೆ ಹೆಬ್ಬೆರಳು ಎತ್ತಿ ತೋರಿಸಿದೆ. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ ಅರ್ಥ. ಎಲ್ಲ ಚೆನ್ನಾಗಿದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ದೋಣಿಯಲ್ಲಿ ಎರಡೆರಡು ಸಲ ಹೇಳಿಕೊಟ್ಟಿದ್ದರು. ಅವನು ತಲೆಯಾಡಿಸಿ ನನ್ನನ್ನು ಮೆಲ್ಲಗೆ ಮೇಲಕ್ಕೆ ಕರೆದುಕೊಂಡು ಹೊರಟ. ನಾನು ಕೈ ಬೀಸಿದೆ, ತಲೆ ಅಲ್ಲಾಡಿಸಿದೆ. ಗಾಬರಿಯಾಗಿದ್ದಾಳೆ ಅಂತ ಅವನು ಇನ್ನೂ ಭದ್ರವಾಗಿ ಹಿಡಿದುಕೊಂಡ.

ಮೇಲೆ ತಲೆ ಹೊರಬಂದ ಕೂಡಲೇ ಅವನು ಕೇಳಿದ, "ಮೂಗಿಗೆ ನೀರು ಹೋಯಿತಾ, ಟೀಚರ್?"

"ಹೋಯಿತು, ಬಂತು. ಮೀನು ಅಲ್ಲೇ ಇದೆ, ಇಳಿಯೋಣ" ಅಂದೆ.